ಚೆಂಡು ಬಿದ್ದ ಗುಳಿ

ಕಿರಿಯ: ಮಾವ, ಗಾಲ್ಫ್ ಆಡುವವರು ದೂರದಿಂದ ಎತ್ತರಕ್ಕೆ ಹೊಡೆದ ಚೆಂಡು, ಕುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲಿನ ನೆಲವಾದ ಗ್ರೀನಿನ ಮೇಲೆ ಬಂದು ಬಿದ್ದಾಗ ಅಲ್ಲೊಂದು ಗುಳಿಯಾಗುತ್ತದಷ್ಟೆ, ಬಾಲ್ ಮಾರ್ಕ್ ಎಂದು ಎಲ್ಲರೂ ಕರೆಯುವ ಆ ಗುಳಿಯನ್ನು ಸರಿಪಡಿಸುವುದಕ್ಕಾಗಿ ಅಂಗಡಿಯಲ್ಲಿ ಬಗೆಬಗೆಯ ಸಲಕರಣೆಗಳನ್ನು ಇಟ್ಟಿದ್ದಾರೆ. ಎರಡು ಮುಳ್ಳಿನದು, ನಾಲ್ಕು ಮುಳ್ಳಿನದು, ಮಡಿಸಿ ಜೇಬಿಗೆ ಹಾಕಿಕೊಳ್ಳುವಂಥದು, ಗುಂಡಿಯೊತ್ತಿದರೆ ಥಟ್ಟನೆ ಹೊರಕ್ಕೆ ಬರುವಂಥದು. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ, ಹಿತ್ತಾಳೆ, ಉಕ್ಕು ಎಂದು ದ್ರವ್ಯಭೇದವೂ ಉಂಟು, ಬೆಲೆಯಲ್ಲಿ ಅಜಗಜಾಂತರವೂ ಉಂಟು. ಇವುಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬುದನ್ನು, ಬಹುಕಾಲ ಹುಲ್ಲಿನ ಮೈದಾನಗಳ ಉಸ್ತುವಾರಿಯಲ್ಲಿದ್ದ ನಿಮ್ಮನ್ನಲ್ಲದೆ ಬೇರೆ ಯಾರನ್ನು ಕೇಳಲಿ?

ಹಿರಿಯರು: ಸಲಕರಣೆಯ ಮಾತನ್ನು ಕಡೆಗೆ ಆಡೋಣ. ಗುಳಿಯ ಸ್ವರೂಪವೇನೆಂಬುದು ಮೊದಲು ಮನಸ್ಸಿಗೆ ಬಂದರೆ ಅದನ್ನು ಮುಚ್ಚತಕ್ಕ ಕ್ರಮ ತಾನಾಗಿ ಹೊಳೆಯುತ್ತದೆ. ಕ್ರಮ ತಿಳಿದವನಿಗೆ ಅಂಗಡಿಯಲ್ಲಿ ನಿಂತು ಉಪಕರಣವನ್ನು ಆರಿಸಿಕೊಳ್ಳುವುದು ಕಷ್ಟವಾಗದು. ಕ್ರಮವನ್ನರಿಯದೆ ಕೊಂಡದ್ದು ಎಷ್ಟೇ ಬೆಲೆಬಾಳುವುದಾಗಲಿ, ಹುಲ್ಲಿಗೆ ಚೆಂಡು ಮಾಡಿದುದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಬಲ್ಲುದು.

ಕಿರಿಯ: ಗುಳಿಯ ಸ್ವರೂಪದಲ್ಲಿ ತಿಳಿಯಬೇಕಾದದ್ದೇನಿದೆ? ಚೆಂಡು ಬಿತ್ತು, ನೆಲ ತಗ್ಗಾಯಿತು; ತಗ್ಗನ್ನು ಮೇಲಕ್ಕೆತ್ತಿದರೆ ಸಮವಾಗಬೇಕು. ನಾನು ನೋಡಿದ ಆಟಗಾರರಲ್ಲಿ ಅನೇಕರು ಹಾಗೆಯೇ ಮಾಡುತ್ತಾರೆ. ಮುಳ್ಳನ್ನು ಗುಳಿಯ ಕೆಳಕ್ಕೆ ತೂರಿಸಿ, ಹಿಡಿಯನ್ನು ಕೆಳಗೊತ್ತಿ, ತಳವನ್ನು ಮೇಲಕ್ಕೆ ಮೀಟುತ್ತಾರೆ.

ಹಿರಿಯರು: ಸರಿಪಡಿಸಬೇಕೆಂಬ ಸದ್ಭಾವವುಳ್ಳವರೇ ಆ ಮೀಟುವಿಕೆಯಿಂದ ಗ್ರೀನನ್ನು ಕೆಡಿಸುತ್ತಿರುವುದನ್ನು ಕಂಡು ನಾನು ನೊಂದುಕೊಂಡಿದ್ದೇನೆ. ಆಗುವುದೇನೆಂಬುದನ್ನು ಸಾವಧಾನವಾಗಿ ಕೇಳು. ಗಾಲ್ಫ್ ಚೆಂಡಿನ ತೂಕ ನಿಯಮದ ಪ್ರಕಾರ 45.93 ಗ್ರಾಮನ್ನು ಮೀರಕೂಡದು, ವ್ಯಾಸ 42.67 ಮಿಲಿಮೀಟರಿಗೆ ಕಡಮೆಯಾಗಕೂಡದು. ಇಷ್ಟು ಪುಟ್ಟದಾದ, ಇಷ್ಟು ಗಟ್ಟಿಯಾದ ವಸ್ತು ಒಳ್ಳೆಯ ಆಟಗಾರನ ಹೊಡೆತದಿಂದ ಮೇಲೇರಿ, ಹಿಮ್ಮುಖವಾಗಿ ಸುತ್ತುತ್ತಾ, ನೆಲಕ್ಕೆ ಸುಮಾರು 50 ಡಿಗ್ರಿಯ ಕೋನದಲ್ಲಿ ಇಳಿದುಬರುತ್ತದೆ. ನೆಟ್ಟಗೆ ಬಿದ್ದಿದ್ದರೆ ಸುತ್ತಲೂ ಒಂದೇ ಸಮನಾದ ಗುಳಿಯಾಗಬಹುದಾಗಿತ್ತು. ಓರೆಯಾಗಿ ಬೀಳುವುದರಿಂದ ಹೊಡೆದವನ ಕಡೆಯ ಅಂಚು ಇಳಿಜಾರಾಗಿ, ಆಚೆಯ ಅಂಚು ಮುಂದಕ್ಕೆ ನೂಕಲ್ಪಟ್ಟು, ಮಡಿಕೆಬಿದ್ದು ಮೇಲೆದ್ದು ನಿಲ್ಲುತ್ತದೆ. ತಳದಲ್ಲಿದ್ದ ಹುಲ್ಲು ಜಜ್ಜಿಹೋಗಿ, ಅದರ ಕೆಳಗಣ ಮಣ್ಣು ಅದುಮಿಕೊಂಡಿರುತ್ತದೆ. ಈಗ ನೀನೇ ವಿಚಾರ ಮಾಡು: ಆ ಗುಳಿಯಲ್ಲಿ ಮೊದಲಿದ್ದ ಜೀವವುಳ್ಳ ಹುಲ್ಲು ಎಲ್ಲಿಗೆ ಹೋಯಿತು?

ಕಿರಿಯ: ನೀವು ಹೇಳಿದಂತೆ ನೋಡಿದರೆ, ಬಹುಭಾಗ ಅಂಚಿನಲ್ಲಿಯೇ ಇದೆ.

ಹಿರಿಯರು: ಅಹುದು, ಬದಿಗೆ ಸರಿದಿದೆಯೇ ಹೊರತು ನಾಶವಾಗಿಲ್ಲ. ಕೆಲವು ವೇಳೆ ಒಂದು ಚೂರು ಕಿತ್ತು ಹೊರಕ್ಕೆ ಹಾರುವುದುಂಟು, ಅದು ಬೇರೆ ಮಾತು. ಸಾಮಾನ್ಯವಾಗಿ ಜೀವವಿರುವುದು ಅಂಚಿನಲ್ಲಿ, ಸತ್ತದ್ದು ಅಥವಾ ಸಾಯುವಂತಿರುವುದು ತಳದಲ್ಲಿ. ಮೀಟುವವನು ಜೀವವುಳ್ಳ ಅಂಚನ್ನು ಅಲಕ್ಷಿಸಿ, ಸತ್ತ ತಳವನ್ನು ಬೆಳಕಿಗೆ ತರುತ್ತಾನೆ. ತರುವಾಗ ತಳದ ಕೆಳಗೆ ಉಳಿದಿದ್ದ ಬೇರುಗಳನ್ನು ಕಡಿಯುತ್ತಾನೆ. ಬರಿಯ ಮಣ್ಣನ್ನು ಮೇಲಕ್ಕೆ ತಂದು ಬಿಸಿಲಿಗೊಡ್ಡುತ್ತಾನೆ. ಆ ಹೊತ್ತಿಗೆ ಕಣ್ಣಿಗೆ ಸಮನಾಗಿ ಕಂಡೀತು. ಬೇರು ಹರಿದ ಹುಲ್ಲು ಎರಡು ಮೂರು ದಿನಗಳಲ್ಲಿ ಒಣಗಿ, ಗುಳಿ ಇದ್ದಷ್ಟಗಲಕ್ಕೆ ಕಂದು ಕಲೆಯೊಂದು ನಿಲ್ಲುತ್ತದೆ. ಹರಿದ ಪಂಚೆಗೆ ರಫು ಹಾಕುವವನನ್ನು ನೋಡಿದ್ದೀಯೆ. ಅವನು ತೂತಿನ ನಡುವೆ ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲ, ಸುತ್ತಣ ಗಟ್ಟಿ ನೇಯ್ಗೆಯಿಂದ ಎಳೆಗಳನ್ನು ಸೆಳೆದು ನಡುವೆ ಕೂಡಿಸುತ್ತಾನೆ. ಗ್ರೀನಿನ ಮೇಲೆ ನಾವು ಮಾಡತಕ್ಕದ್ದೂ ಅದೇ.

ಕಿರಿಯ: ಹುಲ್ಲು ಇಷ್ಟು ಸೂಕ್ಷ್ಮವೆಂದು ನನಗೆ ತೋರಿರಲಿಲ್ಲ. ರಸ್ತೆಯ ಬದಿಯಲ್ಲಿ ಎಷ್ಟು ತುಳಿದರೂ ಎಷ್ಟು ಕಿತ್ತರೂ ಮತ್ತೆ ಚಿಗುರುವುದೇ ಹುಲ್ಲಿನ ಸ್ವಭಾವವಲ್ಲವೆ?

ಹಿರಿಯರು: ರಸ್ತೆಯ ಬದಿಯ ಗರಿಕೆಯ ಮಾತನ್ನು ನೀನೇ ಎತ್ತಿದೆ, ಒಳ್ಳೆಯದಾಯಿತು, ನಮ್ಮ ಕಡೆಯ ಗ್ರೀನುಗಳ ಮೇಲೆ ಬೆಳೆಸುವ ಬರ್ಮುಡಾ ಹುಲ್ಲು ಅದಕ್ಕೆ ದೂರದ ನಂಟಲ್ಲ. ಗಣಪತಿಯ ಪೂಜೆಗೆ ಕೊಯ್ದು ತರುವ ಗರಿಕೆಯನ್ನು ಸಸ್ಯಶಾಸ್ತ್ರಜ್ಞರು ಸೈನೊಡಾನ್ ಡ್ಯಾಕ್ಟಿಲಾನ್ ಎಂದು ಕರೆಯುತ್ತಾರೆ. ಅದೇ ಜಾತಿಯನ್ನು ಆಫ್ರಿಕಾದ ಒಂದು ಸಣ್ಣೆಲೆಯ ಜಾತಿಯೊಡನೆ ಸಂಕರಗೊಳಿಸಿ, ಅಮೆರಿಕದ ಜಾರ್ಜಿಯಾ ಪ್ರಾಂತದ ಟಿಫ್ಟನ್ ಎಂಬ ಊರಿನ ಸಂಶೋಧನಾ ಕೇಂದ್ರದಲ್ಲಿ ಗ್ಲೆನ್ ಬರ್ಟನ್ ಎಂಬ ವಿದ್ವಾಂಸರು 1956ರಲ್ಲಿ ಟಿಫ್‌ಗ್ರೀನ್ ಎಂಬ ತಳಿಯನ್ನು ಹೊರತಂದರು. ಅದರಿಂದ ತಾನಾಗಿ ವ್ಯತ್ಯಾಸಗೊಂಡ ಟಿಫ್‌ಡ್ವಾರ್ಫ್ 1965ರಲ್ಲಿ ಬಂದಿತು. ಉಷ್ಣವಲಯದ ಗ್ರೀನುಗಳ ಚರಿತ್ರೆಯೇ ಇವುಗಳಿಂದ ಬದಲಾಯಿತೆನ್ನಬಹುದು. ಈ ಸಂಕರಗಳು ಬೀಜ ಕಟ್ಟುವುದಿಲ್ಲ; ಕಡ್ಡಿಯಿಂದ ಕಡ್ಡಿಯಾಗಿಯೇ ಹಬ್ಬಬೇಕು. ಆದುದರಿಂದ ಸತ್ತ ಎಡೆಯಲ್ಲಿ ಹಿಡಿ ಬೀಜವೆರಚಿ ಸುಮ್ಮನಿರುವ ಉಪಾಯವೂ ಇಲ್ಲಿಲ್ಲ. ಬದಿಯ ಹುಲ್ಲು ತೆವಳಿಕೊಂಡು ಬಂದು ಮುಚ್ಚಬೇಕು, ಇಲ್ಲವೆ ಮಾಲಿ ಬೇರೆ ಕಡೆಯಿಂದ ಒಂದು ತುಣುಕನ್ನು ತಂದು ಕೂಡಿಸಬೇಕು.

ಕಿರಿಯ: ವಿಲಾಯತಿಯ ಗ್ರೀನುಗಳಲ್ಲಿಯೂ ಇದೇ ಹುಲ್ಲೇ?

ಹಿರಿಯರು: ಅಲ್ಲ. ಚಳಿದೇಶಗಳಲ್ಲಿ ಬೆಂಟ್ ಜಾತಿಯ ಹುಲ್ಲು, ಫೆಸ್ಕ್ಯೂ, ಕರೆಯದೆ ಬಂದು ಸೇರಿಕೊಳ್ಳುವ ಪೋವಾ ಆನ್ಯುವಾ, ಇವು ಮುಖ್ಯ. ಬೆಂಟ್ ಹುಲ್ಲಿನ ಗ್ರೀನಿನಲ್ಲಿ ಗುಳಿಯನ್ನು ಹಾಗೆಯೇ ಬಿಟ್ಟರೆ ಆ ಬರಿದಾದ ಎಡೆಯಲ್ಲಿ ಪೋವಾ ಬೇರೂರುತ್ತದೆ, ಪಾಚಿ ಹತ್ತುತ್ತದೆ. ಒಂದು ಗ್ರೀನಿನ ಜಾತಿಯೇ ಕ್ರಮೇಣ ಕೆಡುವುದುಂಟು. ಆದರೆ ಜಾತಿ ಯಾವುದಾದರೇನು, ಗ್ರೀನಿನ ಹುಲ್ಲಿನ ಅವಸ್ಥೆ ಒಂದೇ. ರಸ್ತೆಯ ಬದಿಯ ಗರಿಕೆ ತನ್ನಿಷ್ಟದಂತೆ ಬೆಳೆದು, ಬಿಸಿಲನ್ನು ಬೇಕಾದಷ್ಟು ಉಂಡು, ಆಳಕ್ಕೆ ಬೇರಿಳಿಸಿರುತ್ತದೆ. ಗ್ರೀನಿನ ಹುಲ್ಲನ್ನಾದರೋ ನಾವು ದಿನದಿನವೂ ಮೂರು ಮಿಲಿಮೀಟರಿನ ಆಸುಪಾಸಿಗೆ ಕತ್ತರಿಸುತ್ತೇವೆ. ಎಲೆಯನ್ನು ಎಷ್ಟು ಕತ್ತರಿಸಿದರೂ ಹುಲ್ಲು ಬದುಕುವುದು ಅದರ ಬೆಳವಣಿಗೆಯ ಮೊಳಕೆ ನೆಲಮಟ್ಟದಲ್ಲಿ ಅಡಗಿರುವುದರಿಂದ. ಆ ಮೊಳಕೆ ಮಣ್ಣಿನಲ್ಲಿ ಹೂತುಹೋಗದೆ, ಬುಡಮೇಲಾಗದೆ, ಬೇರಿನ ಸಂಬಂಧ ತಪ್ಪದೆ ಉಳಿದರೆ ಹುಲ್ಲು ಉಳಿಯಿತು, ಇಲ್ಲದಿದ್ದರೆ ಇಲ್ಲ. ಅರೆಹೊಟ್ಟೆಯಲ್ಲಿ ಬದುಕುತ್ತಿರುವ ಆ ಜೀವಕ್ಕೆ ಗಾಯವನ್ನು ತಾಳಿಕೊಳ್ಳುವ ಶಕ್ತಿ ಅಲ್ಪ. ಅದನ್ನು ಈ ಅವಸ್ಥೆಯಲ್ಲಿಟ್ಟವರು ನಾವು, ನಮ್ಮ ಆಟಕ್ಕಾಗಿ. ಆಟ ಮುಗಿಸಿ ಮುಂದೆ ಹೋಗುವ ಮೊದಲು ಒಂದು ಗಳಿಗೆ ಬಗ್ಗುವುದು ಅದಕ್ಕೆ ಸಲ್ಲತಕ್ಕ ಋಣವೆಂದು ನನ್ನ ಭಾವನೆ.

ಕಿರಿಯ: ಹಾಗಾದರೆ ಕ್ರಮವನ್ನು ಹೇಳಿ. ಕೈಗೆ ಉಪಕರಣ ಬಂದಿದೆಯೆಂದೇ ಇಟ್ಟುಕೊಳ್ಳೋಣ.

ಹಿರಿಯರು: ಗುಳಿಯೊಳಗೆ ಸಂಪೂರ್ಣ ಕಿತ್ತುಬಂದ ಸತ್ತ ಚೂರಿದ್ದರೆ ಮೊದಲು ಅದನ್ನು ಆರಿಸಿ ಹಾಕು. ಬಳಿಕ ಮುಳ್ಳನ್ನು ಗುಳಿಯ ಒಳಕ್ಕಲ್ಲದೆ, ಅಂಚಿನಿಂದ ಸ್ವಲ್ಪ ಹೊರಗೆ, ಹುಲ್ಲು ಚೆನ್ನಾಗಿರುವ ಎಡೆಯಲ್ಲಿ, ತುದಿ ಗುಳಿಯ ನಡುವಿನ ಕಡೆಗೆ ಮುಖಮಾಡುವಂತೆ ಓರೆಯಾಗಿ ಚುಚ್ಚು. ಈಗ ಹಿಡಿಯನ್ನು ಗುಳಿಯ ಕಡೆಗೆ, ಎಂದರೆ ಮುಂದಕ್ಕೆ, ಬಾಗಿಸು. ಹಿಡಿ ಮುಂದಕ್ಕೆ ಬಾಗಿದರೆ ಮುಳ್ಳು ತನ್ನೆದುರಿನ ಹುಲ್ಲನ್ನು ನಡುವಿಗೆ ತಳ್ಳುತ್ತದೆ. ಹಿಡಿ ಹಿಂದಕ್ಕೆ, ನಿನ್ನ ಕಡೆಗೆ, ಬಾಗಿದರೆ ತುದಿ ಮೇಲೆದ್ದು ಬೇರನ್ನು ಹರಿಯುತ್ತದೆ. ಈ ವಿದ್ಯೆಯೆಲ್ಲವೂ ಆ ಒಂದು ಭೇದದಲ್ಲಿದೆ. ನಾನು ಮೊದಲು ಆಚೆಯ ಅಂಚಿನಿಂದ, ಮಡಿಕೆಬಿದ್ದು ಮೇಲೆದ್ದಿರುವ ಕಡೆಯಿಂದ, ಪ್ರಾರಂಭಿಸುತ್ತೇನೆ. ಏಕೆಂದರೆ ಸರಿದುಹೋದ ಹುಲ್ಲಿನ ಬಹುಭಾಗ ಅಲ್ಲಿರುತ್ತದೆ. ಆಮೇಲೆ ಎಡ, ಬಲ, ಈಚೆ ಎಂದು ಸುತ್ತಲೂ ಬಂದು, ಪ್ರತಿಯೊಂದು ಕಡೆಯಿಂದಲೂ ಸ್ವಲ್ಪಸ್ವಲ್ಪವಾಗಿ ನಡುವಿಗೆ ಸೇರಿಸಬೇಕು. ಒಂದೇ ಕಡೆಯಿಂದ ಬಲವಾಗಿ ತಳ್ಳಿದರೆ ಅಲ್ಲೊಂದು ಹೊಸ ತಗ್ಗು ಬೀಳುತ್ತದೆ. ಅಂಚುಗಳು ನಡುವೆ ಕೂಡಿ, ತಳ ಕಾಣದಂತಾದಾಗ, ಗ್ರೀನಿನ ಮೇಲೆ ಚೆಂಡನ್ನು ಉರುಳಿಸುವ ಕೋಲಾದ ಪಟರಿನ ತಳದಿಂದ ಮೆಲ್ಲಗೆ ತಟ್ಟಿ ಸಮಮಾಡಿಬಿಟ್ಟರೆ ಆಯಿತು. ಅರ್ಧ ನಿಮಿಷವೂ ಹಿಡಿಯದು.

ಕಿರಿಯ: ತಟ್ಟುವುದನ್ನು ಮರೆತರೆ?

ಹಿರಿಯರು: ಮರೆತರೆ ಉಬ್ಬು ಉಳಿಯುತ್ತದೆ, ಮರುದಿನ ಬೆಳಗ್ಗೆ ಕತ್ತರಿಸುವ ಯಂತ್ರ ಬರುತ್ತದೆ. ಮೂರು ಮಿಲಿಮೀಟರಿನ ಎತ್ತರದಲ್ಲಿ ಸಾಗುವ ಅದರ ಅಲಗಿಗೆ ನಾಲ್ಕು ಮಿಲಿಮೀಟರಿನ ಉಬ್ಬು ಎದುರಾದರೆ, ಎಲೆಯ ಬದಲು ಮೊಳಕೆಯನ್ನೇ ಸವರಿಕೊಂಡು ಹೋಗುತ್ತದೆ. ಚೆಂಡಿನಿಂದ ಬದುಕಿದ ಹುಲ್ಲು ಯಂತ್ರದಿಂದ ಸತ್ತಿತು. ಮುಚ್ಚದೆ ಬಿಟ್ಟ ಗುಳಿಯ ಎದ್ದ ಅಂಚಿಗೂ ಇದೇ ಗತಿ. ಆದುದರಿಂದಲೇ ಎಚ್ಚರವುಳ್ಳ ಮಾಲಿಗಳು ಯಂತ್ರವನ್ನು ಇಳಿಸುವ ಮೊದಲು ಗ್ರೀನನ್ನು ಒಮ್ಮೆ ಸುತ್ತಿ ಗುಳಿಗಳನ್ನು ನೋಡುತ್ತಾರೆ.

ಕಿರಿಯ: ಮಾಲಿಗಳು ನೋಡುತ್ತಾರೆಂದಾದರೆ ಆಟಗಾರನೇ ಬಗ್ಗಬೇಕೇಕೆ? ಅದಕ್ಕೆಂದೇ ಸಂಬಳದ ಜನರಿದ್ದಾರೆ, ಕೋಲುಗಳ ಚೀಲ ಹೊತ್ತು ಕೂಡ ಬರುವ ಕ್ಯಾಡಿಯಿದ್ದಾನೆ ಎನ್ನುವ ವಾದವನ್ನು ನಾನು ಕೇಳಿದ್ದೇನೆ.

ಹಿರಿಯರು: ನಾನೂ ಕೇಳಿದ್ದೇನೆ, ಅದಕ್ಕೆ ಎರಡು ಉತ್ತರ. ಮೊದಲನೆಯದು ಕಾಲಕ್ಕೆ ಸಂಬಂಧಿಸಿದುದು. ಚೆಂಡು ಬಿದ್ದೊಡನೆ ಹುಲ್ಲು ಇನ್ನೂ ಹಸಿಯಾಗಿರುತ್ತದೆ, ಹರಿದ ಅಂಚು ತೇವವಾಗಿರುತ್ತದೆ, ಮಣ್ಣು ಮೆತುವಾಗಿರುತ್ತದೆ. ಆಗ ಕೂಡಿಸಿದರೆ ಕೂಡುತ್ತದೆ. ಮಧ್ಯಾಹ್ನದ ಬಿಸಿಲು ಕಳೆದು, ರಾತ್ರಿ ಕಳೆದು, ಮಾಲಿ ಬರುವ ವೇಳೆಗೆ ಆ ಅಂಚು ಒಣಗಿ ಸುರುಟಿರುತ್ತದೆ. ಒಡನೆಯೇ ಸರಿಯಾಗಿ ಮುಚ್ಚಿದ ಗುಳಿ ಕೆಲವೇ ದಿನಗಳಲ್ಲಿ ಗುರುತು ಸಿಕ್ಕದಂತಾಗುತ್ತದೆ. ಬಿಟ್ಟದ್ದು ವಾರಗಟ್ಟಲೆ ಉಳಿಯುತ್ತದೆ. ಇಂತಿಷ್ಟೇ ಗಂಟೆ, ಇಂತಿಷ್ಟೇ ದಿನವೆಂದು ಆಟಗಾರರ ಬಾಯಲ್ಲಿ ಓಡಾಡುವ ಲೆಕ್ಕಗಳನ್ನು ನಾನು ಹೇಳಲಾರೆ. ಹುಲ್ಲಿನ ಜಾತಿ, ಋತು, ನೆಳಲು, ನೀರು ಇವುಗಳಿಂದ ಅದು ವ್ಯತ್ಯಾಸವಾಗುತ್ತದೆ. ಒಂದು ಬೇರೆ ಲೆಕ್ಕವನ್ನು ಮಾಡಿನೋಡು. ದಿನಕ್ಕೆ ನೂರು ಜನ ಆಡಿ, ಒಬ್ಬೊಬ್ಬರೂ ಹದಿನೆಂಟು ಗ್ರೀನುಗಳಲ್ಲಿ ಒಟ್ಟು ಆರೇ ಗುಳಿಗಳನ್ನು ಮಾಡಿದರೆಂದುಕೊಂಡರೂ ದಿನಕ್ಕೆ 600, ತಿಂಗಳಿಗೆ 18,000. ಪ್ರತಿ ಗ್ರೀನಿಗೆ ತಿಂಗಳಿಗೆ ಸಾವಿರ. ನಾಲ್ಕೈದು ಮಾಲಿಗಳ ಕೈ ಎಷ್ಟನ್ನು ಮುಟ್ಟೀತು?

ಕಿರಿಯ: ಎರಡನೆಯ ಉತ್ತರ?

ಹಿರಿಯರು: ಅದು ನಮ್ಮ ದೇಶಕ್ಕೇ ವಿಶೇಷವಾಗಿ ಸಲ್ಲುವುದು. ಬಗ್ಗುವ ಕೆಲಸವನ್ನೆಲ್ಲ ಬೇರೊಬ್ಬನ ಬೆನ್ನಿಗೆ ಹೊರಿಸುವುದು ನಮ್ಮಲ್ಲಿ ಬಲು ಹಳೆಯ ಅಭ್ಯಾಸ. ಆಟಗಾರನು ಚೆಂಡು ಹೊಡೆದು, ತಾನು ಮಾಡಿದ ಗುಳಿಯ ಪಕ್ಕದಲ್ಲೇ ನಿಂತು, ಕ್ಯಾಡಿಯತ್ತ ಬೆರಳು ತೋರಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತಿತ್ತು. ಆ ಕ್ಯಾಡಿಗಳು ಗ್ರೀನನ್ನು ಮೊಣಕಾಲೂರಿ ಹತ್ತಿರದಿಂದ ಕಂಡವರು. ಎಲ್ಲಿ ಇಳಿಜಾರು, ಎಲ್ಲಿ ಹುಲ್ಲು ಮಲಗಿದೆ, ಎಲ್ಲಿ ಹಳೆಯ ಕಲೆಯಿಂದ ಚೆಂಡು ಓರೆಯಾಗುತ್ತದೆ ಎಂಬುದನ್ನು ಬಲ್ಲವರು. ಬೆಂಗಳೂರಿನ ಸಿ. ಮುನಿಯಪ್ಪನವರು ಕ್ಯಾಡಿಯಾಗಿದ್ದು ಆಮೇಲೆ ಆಟಗಾರರಾಗಿ 2009ರಲ್ಲಿ ಇಂಡಿಯನ್ ಓಪನ್ ಗೆದ್ದರಲ್ಲವೆ? ಆ ಜ್ಞಾನ ಬಗ್ಗಿದವರಿಗೆ ದೊರೆಯುವಂಥದು. ಕ್ಯಾಡಿ ಸಹಾಯ ಮಾಡಲಿ, ಬೇಡವೆನ್ನೆನು. ತನ್ನ ಚೆಂಡು ಮಾಡಿದ ಗುಳಿಯನ್ನು ಹುಡುಕುವುದಾದರೂ ಹೊಡೆದವನ ಕೆಲಸವಾಗಬೇಕು. ಆಟದ ನಿಯಮಗಳೂ ಈ ಪಾಲನೆಯನ್ನು ಆಟಗಾರನಿಂದಲೇ ಅಪೇಕ್ಷಿಸುತ್ತವೆ. ಮೊದಲನೆಯ ನಿಯಮದಲ್ಲಿಯೇ ಮೈದಾನದ ಆರೈಕೆಯನ್ನು ಆಟಗಾರನ ಸನ್ನಡತೆಯ ಅಂಗವಾಗಿ ಎಣಿಸಿದ್ದಾರೆ.

ಕಿರಿಯ: ನಿಯಮದ ಮಾತು ಬಂದುದರಿಂದ ಕೇಳುತ್ತೇನೆ. ಪಟ್ ಮಾಡುವ ದಾರಿಯಲ್ಲಿಯೇ ಗುಳಿಯಿದ್ದರೆ ಅದನ್ನು ಸರಿಪಡಿಸುವುದು ಆಟಕ್ಕೆ ಅನುಕೂಲ ಮಾಡಿಕೊಂಡಂತಾಗಿ ದಂಡಕ್ಕೆ ಕಾರಣವಾಗುವುದಿಲ್ಲವೆ?

ಹಿರಿಯರು: ಗ್ರೀನಿನ ಮೇಲೆ ಆಗುವುದಿಲ್ಲ. ಹಿಂದೆ ಚೆಂಡಿನ ಗುಳಿಗೂ ಹಳೆಯ ಕುಳಿಯ ಮುಚ್ಚಳಕ್ಕೂ ಮಾತ್ರ ಈ ಅವಕಾಶವಿತ್ತು. ಪಾದರಕ್ಷೆಯ ಮೊಳೆಗಳು ಎಬ್ಬಿಸಿದ ಹುಲ್ಲನ್ನು ಮುಟ್ಟುವಂತಿರಲಿಲ್ಲ. 2019ರ ಪರಿಷ್ಕರಣದಲ್ಲಿ, 13.1ಸಿ ಎಂಬ ನಿಯಮದಿಂದ, ಆಟಗಾರರು ಮಾಡಿದ ಗುರುತು, ಪ್ರಾಣಿಗಳ ಹೆಜ್ಜೆ, ನೆಲದಲ್ಲಿ ನಾಟಿದ ಕಲ್ಲು, ಹೀಗೆ ಬಹುಮಟ್ಟಿನ ಹಾನಿಯನ್ನು ಸರಿಪಡಿಸಲು ಅನುಜ್ಞೆ ದೊರೆಯಿತು. ಗಾಳಿಯಾಡಲೆಂದು ಮೈದಾನದವರೇ ತೋಡಿದ ರಂಧ್ರಗಳು, ಸಹಜವಾದ ಏರುತಗ್ಗುಗಳು, ಕುಳಿಯ ಅಂಚಿನ ಸಹಜವಾದ ಸವೆತ, ಇವನ್ನು ಮುಟ್ಟಕೂಡದು. ಚೆಂಡು ತನ್ನ ಗುಳಿಯಲ್ಲಿಯೇ ಸಿಕ್ಕಿಕೊಂಡಿದ್ದರೆ, ಜಾಗಕ್ಕೆ ಗುರುತಿಟ್ಟು, ಎತ್ತಿ, ಒರೆಸಿ, ಗುಳಿಯನ್ನು ಮುಚ್ಚಿ, ಮತ್ತೆ ಅಲ್ಲಿಯೇ ಇಡಬಹುದು. ಆದರೆ ಗ್ರೀನಿನ ಅಂಚನ್ನು ದಾಟಿ ಹೊರಗೆ ಬಂದೆಯೋ, ಈ ಸ್ವಾತಂತ್ರ್ಯ ಇಲ್ಲ. ಅಲ್ಲಿ ನಿನ್ನ ಹೊಡೆತದ ದಾರಿಯಲ್ಲಿರುವ ಗುಳಿಯನ್ನು ಮುಚ್ಚಿ ದಾರಿಯನ್ನು ಉತ್ತಮಪಡಿಸಿಕೊಂಡರೆ ದಂಡ. ಹೊಡೆದಾದ ಮೇಲೆ ಮುಚ್ಚು, ಯಾರೂ ತಡೆಯರು.

ಕಿರಿಯ: ಆಟ ಹುಟ್ಟಿದ ದಿನಗಳಿಂದಲೂ ಜನ ಗುಳಿಯ ವಿಷಯದಲ್ಲಿ ಹೀಗೆ ಎಚ್ಚರವಹಿಸುತ್ತಿದ್ದರೇ?

ಹಿರಿಯರು: ಎಲ್ಲಿ ಬಂತು! 1744ರಲ್ಲಿ ಸ್ಕಾಟ್ಲೆಂಡಿನ ಲೀತ್ ಎಂಬಲ್ಲಿ ಬರೆದಿಟ್ಟ ಹದಿಮೂರು ನಿಯಮಗಳಲ್ಲಿ ಮೊದಲನೆಯದೇ, ಮುಂದಿನ ಕುಳಿಗೆ ಹೊರಡುವವನು ಈಗಿನ ಕುಳಿಯಿಂದ ಒಂದು ಕೋಲಿನಳತೆಯೊಳಗೆ ಚೆಂಡನ್ನಿಟ್ಟು ಹೊಡೆಯಬೇಕೆಂಬುದು. ಇಂದು ನಾವು ಹೆಜ್ಜೆಯಿಡಲೂ ಸಂಕೋಚಪಡುವ ಆ ಜಾಗದಲ್ಲಿ ಅಂದು ಬೀಸಿ ಹೊಡೆಯುತ್ತಿದ್ದರು. ಅಲ್ಲಿಯ ಕಡಲಂಚಿನ ನೆಲ ಮರಳುಗೂಡಿ ಬಿಗಿಯಾಗಿದ್ದುದರಿಂದಲೂ, ಚೆಂಡು ಎತ್ತರಕ್ಕೇರದೆ ನೆಲದ ಮೇಲೆ ಓಡಿಬರುತ್ತಿದ್ದುದರಿಂದಲೂ ಬಿದ್ದ ಗುಳಿಗಳು ಅಲ್ಪವಾಗಿದ್ದಿರಬೇಕು. ಗ್ರೀನೆಂಬುದು ಪ್ರತ್ಯೇಕವಾಗಿ ಪೋಷಿಸತಕ್ಕ ನೆಲವೆಂಬ ಭಾವನೆಯನ್ನು ಬೆಳೆಸಿದವರಲ್ಲಿ ಸೇಂಟ್ ಆಂಡ್ರೂಸಿನ ಹಿರಿಯ ಟಾಮ್ ಮಾರಿಸ್‌ರನ್ನು ಮೊದಲು ನೆನೆಯಬೇಕು. 1821ರಲ್ಲಿ ಹುಟ್ಟಿ, 1860ರ ದಶಕದಿಂದ ಇಳಿವಯಸ್ಸಿನವರೆಗೆ ಆ ಮೈದಾನವನ್ನು ನೋಡಿಕೊಂಡ ಆ ಪುಣ್ಯಾತ್ಮರು ಗ್ರೀನುಗಳಿಗೆ ಮೇಲಿಂದ ಮೇಲೆ ಮರಳು ಹರಡಿಸಿ ಹುಲ್ಲನ್ನು ಗಟ್ಟಿಮಾಡಿದರು. ಭಾನುವಾರ ಮೈದಾನಕ್ಕೆ ವಿಶ್ರಾಂತಿಯೆಂಬ ಕಟ್ಟಳೆಯನ್ನು ಬಿಡದೆ ನಡೆಸಿದರು. ಅಲ್ಲಿಯ ಓಲ್ಡ್ ಕೋರ್ಸಿನಲ್ಲಿ ಇಂದಿಗೂ ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ವಾರಕ್ಕೊಂದು ದಿನ ಹುಲ್ಲಿಗೆ ಬಿಡುವು ಕೊಡುವ ಕಟ್ಟಳೆ ನಮ್ಮ ಮೈದಾನಗಳಲ್ಲಿಯೂ ನಿಲ್ಲಬೇಕೆಂದು ನಾನು ಹಂಬಲಿಸಿದವನು.

ಕಿರಿಯ: ನಮ್ಮ ನಾಡಿನಲ್ಲಿ?

ಹಿರಿಯರು: ಬೆಂಗಳೂರಿನ ಗಾಲ್ಫ್ ಕ್ಲಬ್ಬು 1876ರದು. ಆದರೆ ನೀರಿಗೆ ಕಷ್ಟವಿದ್ದ ಹಳೆಯ ಮೈದಾನಗಳಲ್ಲಿ ಗ್ರೀನಿನ ಬದಲು ಬ್ರೌನ್ ಇರುತ್ತಿತ್ತು. ಮರಳಿಗೆ ಎಣ್ಣೆ ಬೆರೆಸಿ ಹಾಸಿ ಉರುಳೆಯಿಂದ ಸಮಮಾಡಿದ ನೆಲ. ಅಲ್ಲಿ ಚೆಂಡು ಬಿದ್ದರೆ ಹಲಗೆಯಿಂದ ಒಮ್ಮೆ ಎಳೆದರೆ ಮುಗಿಯಿತು. ನೀರು ಬಂದು, ಹುಲ್ಲು ಬಂದು, ನೆಲಕ್ಕೆ ಜೀವ ಬಂದ ಮೇಲೆ ಈ ಉಪಚಾರದ ವಿದ್ಯೆಯೂ ಬರಬೇಕಾಯಿತು. ನೀರು ಹೆಚ್ಚಾದಷ್ಟೂ ಗುಳಿ ಆಳ. ಚೆಂಡು ಬಿದ್ದಲ್ಲೇ ನಿಲ್ಲಬೇಕೆಂದು ಆಟಗಾರರು ಮೆತ್ತನೆಯ ಗ್ರೀನನ್ನು ಬಯಸಿದಷ್ಟೂ ಗಾಯ ದೊಡ್ಡದು.

ಕಿರಿಯ: ಇನ್ನು ನನ್ನ ಮೊದಲನೆಯ ಪ್ರಶ್ನೆಗೆ ಬರಬಹುದೆ?

ಹಿರಿಯರು: ಬಾ, ಈಗ ಅದಕ್ಕೆ ಕಾಲ ಬಂದಿದೆ. ಎರಡು ಮುಳ್ಳಿನ ಕವಲು ಹಳೆಯದು, ಇಂದಿಗೂ ಸಾಕಾಗುವಂಥದು. ಅದನ್ನು ಕೈಗೆ ತೆಗೆದುಕೊಂಡಾಗ ಮೊದಲು ಮುಳ್ಳಿನ ಉದ್ದವನ್ನು ನೋಡು. ಗ್ರೀನಿನ ಮೇಲ್ಪದರದಲ್ಲಿ ಹುಲ್ಲಿನ ಹಳೆಯ ಕಾಂಡಗಳೂ ಬೇರುಗಳೂ ಹೆಣೆದುಕೊಂಡ ಒಂದು ಮೆತ್ತೆಯಿರುತ್ತದೆ. ನಾವು ನಡುವಿಗೆ ಸರಿಸಬೇಕಾದದ್ದು ಅದನ್ನು. ಸುಮಾರು ಎರಡು ಎರಡೂವರೆ ಸೆಂಟಿಮೀಟರ್ ಉದ್ದದ ಮುಳ್ಳು ಅದಕ್ಕೆ ಸಾಕು. ಅದಕ್ಕಿಂತ ಬಹಳ ಉದ್ದವಾದ ಮುಳ್ಳು ಮೆತ್ತೆಯನ್ನು ದಾಟಿ ಕೆಳಗಣ ಬೇರುಗಳ ನಡುವೆ ಹೊಕ್ಕು, ಕೈಯನ್ನು ಮೀಟುವುದಕ್ಕೆ ಪ್ರೇರಿಸುತ್ತದೆ. ಉದ್ದವಾದ ಸನ್ನೆ ಕೈಗೆ ಸಿಕ್ಕಿದರೆ ಮೀಟಬೇಕೆನಿಸುವುದು ಮನುಷ್ಯಸ್ವಭಾವ. ಬಹಳ ಗಿಡ್ಡವಾದುದೂ ಕೆಲಸಕ್ಕೆ ಬಾರದು, ಹುಲ್ಲಿನ ತುದಿಯನ್ನು ಕೆದರಿ ಬರುತ್ತದೆ.

ಕಿರಿಯ: ದಪ್ಪ?

ಹಿರಿಯರು: ಮುರಿಯದಷ್ಟು, ಬಾಗದಷ್ಟು ಇದ್ದರೆ ಆಯಿತು; ಅದರ ಮೇಲೆ ಎಷ್ಟು ತೆಳುವಾದರೆ ಅಷ್ಟು ಲೇಸು. ಕೆಲವು ಉಪಕರಣಗಳಲ್ಲಿ ಮುಳ್ಳಿನ ಬದಲು ಅಗಲವಾದ ಚಪ್ಪಟೆ ಪಟ್ಟಿಗಳಿರುತ್ತವೆ. ಅವು ಹೋದಲ್ಲೆಲ್ಲ ಅಡ್ಡಲಾಗಿ ತೆವಳುವ ಕಾಂಡಗಳನ್ನು ಕತ್ತರಿಸುತ್ತವೆ. ಬರ್ಮುಡಾ ಹಬ್ಬಿ ಗುಳಿಯನ್ನು ಮುಚ್ಚಬೇಕಾದದ್ದು ಆ ಕಾಂಡಗಳಿಂದಲೇ. ಅಂಥದನ್ನು ಬಿಟ್ಟುಬಿಡು. ಅಗ್ಗದ ಪ್ಲಾಸ್ಟಿಕ್ಕು ಬೇಸಗೆಯ ಗಟ್ಟಿ ನೆಲದಲ್ಲಿ ಬಾಗುತ್ತದೆ, ಒಮ್ಮೊಮ್ಮೆ ತುದಿ ಮುರಿದು ಹುಲ್ಲಿನೊಳಗೆ ಉಳಿಯುತ್ತದೆ. ಕತ್ತರಿಸುವ ಯಂತ್ರದ ಅಲಗಿಗೆ ಅದು ಸಿಕ್ಕರೆ ನಷ್ಟ. ತುಕ್ಕು ಹಿಡಿಯದ ಉಕ್ಕು ನನ್ನ ಮನಸ್ಸಿಗೆ ಒಪ್ಪಿದುದು, ಹಿತ್ತಾಳೆಯೂ ಆದೀತು.

ಕಿರಿಯ: ನಾಲ್ಕು ಮುಳ್ಳಿನದರಿಂದ ಕೆಲಸ ಬೇಗನೆ ಆಗುವುದಿಲ್ಲವೆ?

ಹಿರಿಯರು: ಅಂಚಿನ ಹೆಚ್ಚು ಭಾಗವನ್ನು ಒಮ್ಮೆಗೇ ಹಿಡಿಯುತ್ತದೆಂಬುದು ಅದರ ಪಕ್ಷದ ವಾದ, ಸಣ್ಣ, ತೆಳುವಾದ, ಗಿಡ್ಡ ಮುಳ್ಳುಗಳಿದ್ದು, ಹಿಡಿಯ ಬಾಗು ಮುಂದಕ್ಕೆ ತಳ್ಳುವುದಕ್ಕೆ ಹೊಂದುವಂತಿದ್ದರೆ ಆ ಮಾತನ್ನು ಒಪ್ಪಬಹುದು. ಮುಳ್ಳು ಹೆಚ್ಚಾದಷ್ಟೂ ಚುಚ್ಚುವ ರಂಧ್ರಗಳು ಹೆಚ್ಚು, ಮಳೆಗಾಲದಲ್ಲಿ ನಡುವೆ ಮೆತ್ತಿಕೊಳ್ಳುವ ಮಣ್ಣೂ ಹೆಚ್ಚು ಎಂಬುದನ್ನು ನೆನಪಿನಲ್ಲಿಡು. ನೀನು ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ ಒಂದೇ: ಉಪಕರಣವನ್ನು ಹಿಡಿದು, ಮೇಜಿನ ಮೇಲೆ ಓರೆಯಾಗಿ ಊರಿ, ಮುಂದಕ್ಕೆ ತಳ್ಳುವ ಅಭಿನಯ ಮಾಡು. ಅಂಗೈಗೆ ಅದು ಸಹಜವಾಗಿ ಕೂಡಿಬಂದರೆ ತೆಗೆದುಕೊ. ಕೆಲವು ಹಿಡಿಗಳ ಬಾಗು ಹಿಂದಕ್ಕೆ ಒತ್ತುವುದಕ್ಕೇ ಹೇಳಿಮಾಡಿಸಿದಂತಿರುತ್ತದೆ. ನೋಡಲು ಎಷ್ಟೇ ಚೆಲುವಾಗಿರಲಿ, ಅದನ್ನು ಅಲ್ಲಿಯೇ ಇಟ್ಟು ಬಾ.

ಕಿರಿಯ: ಗುಂಡಿಯೊತ್ತಿದರೆ ಹೊರಬರುವುದು, ಕಾಂತಕ್ಕೆ ಅಂಟಿಸಿದ ನಾಣ್ಯವುಳ್ಳದ್ದು?

ಹಿರಿಯರು: ನಾಣ್ಯ ಚೆಂಡಿನ ಜಾಗಕ್ಕೆ ಗುರುತಿಡಲು ಅನುಕೂಲ, ಗುಳಿಗೆ ಸಂಬಂಧಿಸಿದುದಲ್ಲ. ಗುಂಡಿಯೊತ್ತುವಂಥದು ಜೇಬನ್ನೂ ತೊಡೆಯನ್ನೂ ಚುಚ್ಚದು. ಆದರೆ ಅದರ ಸುರುಳಿಯೊಳಕ್ಕೆ ಮರಳು ಸೇರಿದರೆ ಒಂದು ದಿನ ತೆರೆಯದೆ ಹೋದೀತು. ಆ ದಿನ, ಚೆಂಡನ್ನು ಮೇಲಿಟ್ಟು ಹೊಡೆಯುವ ಮರದ ಮೊಳೆಯಾದ ಟೀಯನ್ನು ಉಪಯೋಗಿಸು. ಮಾತು ಬಂದುದರಿಂದ ಹೇಳುತ್ತೇನೆ, ಉಪಕರಣ ಮರೆತು ಬಂದವನಿಗೆ ಟೀ ಬಹಳ ಒಳ್ಳೆಯ ಸ್ನೇಹಿತ. ಒಂದೇ ಮುಳ್ಳಾದುದರಿಂದ ಸುತ್ತಲೂ ಹೆಚ್ಚು ಕಡೆ ಚುಚ್ಚಬೇಕಾದೀತು, ಅಷ್ಟೆ. ಮೀಟಲು ಹೋದರೆ ಮುರಿಯುವುದರಿಂದ ತಳ್ಳುವ ಅಭ್ಯಾಸವನ್ನು ತಾನೇ ಕಲಿಸುತ್ತದೆ. ಹೊಸಬರಿಗೆ ನಾನು ಮೊದಲು ಟೀಯನ್ನೇ ಕೈಗೆ ಕೊಡುತ್ತಿದ್ದೆ.

ಕಿರಿಯ: ಮಳೆಗಾಲಕ್ಕೂ ಚಳಿಗಾಲಕ್ಕೂ ಕ್ರಮದಲ್ಲಿ ವ್ಯತ್ಯಾಸವುಂಟೆ?

ಹಿರಿಯರು: ಉಂಟು. ಮಳೆಗಾಲದಲ್ಲಿ ನೆಲ ನೆನೆದು ಗುಳಿ ಆಳವಾಗುತ್ತದೆ. ಅಂಚನ್ನು ಸೇರಿಸಿದ ಮೇಲೆ ಬಲವಾಗಿ ತುಳಿದರೆ ಒದ್ದೆಮಣ್ಣು ಅದುಮಿಕೊಂಡು ಬೇರಿಗೆ ಗಾಳಿಯಿಲ್ಲದಂತಾಗುತ್ತದೆ, ಆದುದರಿಂದ ಪಟರಿನಿಂದ ಹಗುರವಾಗಿ ಒತ್ತು. ಮುಳ್ಳಿಗಂಟಿದ ಮಣ್ಣನ್ನು ಪ್ರತಿಸಾರಿಯೂ ಒರೆಸಿಕೊ. ಮಳೆಯ ಬೆಚ್ಚನೆಯ ತಿಂಗಳುಗಳಲ್ಲಿ ಬರ್ಮುಡಾ ಭರದಿಂದ ಹಬ್ಬುವುದರಿಂದ ಗುಣವೂ ಬೇಗ. ಮಾರ್ಗಶಿರ ಪುಷ್ಯಗಳ ಚಳಿಯಲ್ಲಿ ಅದರ ಬೆಳವಣಿಗೆ ಮಂದ. ಆಗ ಮಾಡಿದ ತಪ್ಪು ಬಹುದಿನ ಉಳಿಯುತ್ತದೆ. ಮರದ ನೆಳಲಿನಲ್ಲಿರುವ ಗ್ರೀನಿಗೆ ವರ್ಷವೆಲ್ಲ ಚಳಿಗಾಲವೆಂದೇ ಎಣಿಸಿ ನಡೆದುಕೊ.

ಕಿರಿಯ: ನನ್ನದಲ್ಲದ ಗುಳಿಗಳು ಕಣ್ಣಿಗೆ ಬಿದ್ದರೆ?

ಹಿರಿಯರು: ನಿನ್ನದೊಂದು, ಬೇರೆಯವರದೊಂದು. ಹಿಂದೆ ಆಡುತ್ತಾ ಬರುವವರು ಕಾಯುತ್ತಿಲ್ಲದಿದ್ದರೆ ಇನ್ನೊಂದು. ಹಳೆಯದಾಗಿ ಒಣಗಿದ ಗುಳಿಯನ್ನು ಮಾತ್ರ ಕೆದಕಬೇಡ. ಅಲ್ಲಿ ಹುಲ್ಲು ತಾನಾಗಿ ಹಬ್ಬಲು ಪ್ರಾರಂಭಿಸಿರಬಹುದು, ಮಾಲಿಗೆ ಬಿಡು.

ಕಿರಿಯ: ಸರಿಯಾಗಿ ಮುಚ್ಚಿದೆನೋ ಇಲ್ಲವೋ ಎಂಬುದನ್ನು ತಿಳಿಯುವುದು ಹೇಗೆ? ಅಂಗೈಯಾಡಿಸಿ ನೋಡಬಹುದೆ?

ಹಿರಿಯರು: ಆಟದ ನಡುವೆ, ಗ್ರೀನಿನ ಗುಣವನ್ನು ಪರೀಕ್ಷಿಸುವುದಕ್ಕಾಗಿ ಮೇಲ್ಮೈಯನ್ನು ಉಜ್ಜುವುದನ್ನೂ ಚೆಂಡನ್ನು ಉರುಳಿಸುವುದನ್ನೂ ನಿಯಮ ನಿಷೇಧಿಸಿದೆ, ಅಲ್ಲಿ ಕಣ್ಣೇ ಪ್ರಮಾಣ. ಕೆಳಗೆ ಬಗ್ಗಿ, ಬೆಳಕು ಎದುರಿಗಿರುವಂತೆ ನೋಡಿದರೆ ಉಬ್ಬು ತಗ್ಗುಗಳ ನೆಳಲು ತಾನೇ ಹೇಳುತ್ತದೆ. ನಾಳೆ ಬೆಳಗ್ಗೆ, ಆಟವಿಲ್ಲದ ವೇಳೆಯಲ್ಲಿ, ಅಭ್ಯಾಸದ ಗ್ರೀನಿಗೆ ಹೋಗಿ, ಅಲ್ಲಿಯ ಮಾಲಿಯ ಒಪ್ಪಿಗೆ ಪಡೆದು, ಹೊಸದಾಗಿ ಬಿದ್ದ ನಾಲ್ಕೈದು ಗುಳಿಗಳನ್ನು ಟೀಯಿಂದ ಮುಚ್ಚಿ ಅಂಗೈಯಿಂದ ನೋಡು. ಉಬ್ಬು ತಗುಲಿದರೆ ಇನ್ನೊಮ್ಮೆ ಒತ್ತು. ತಗ್ಗು ತಗುಲಿದರೆ ಬದಿಯಿಂದ ಮತ್ತಷ್ಟು ಸೇರಿಸು. ಮೂರು ದಿನಗಳ ಮೇಲೆ ಹೋಗಿ ಅವುಗಳ ಬಣ್ಣವನ್ನು ನೋಡಿಕೊಂಡು ಬಾ. ಹಸಿರು ಉಳಿದಿದ್ದರೆ ಉಪಕರಣ ಕೊಳ್ಳಲು ಹೊರಡು. ಅಂಚು ಹಳದಿಗೆ ತಿರುಗಿದ್ದರೆ ತುದಿ ಕೆಳಗಿನಿಂದ ಮೇಲೆದ್ದಿದೆಯೆಂದು ತಿಳಿದು, ಇನ್ನೂ ನಾಲ್ಕು ಗುಳಿಗಳ ಮೇಲೆ ಟೀಯನ್ನೇ ಹಿಡಿ.